ಒಂದಿಂಚು ಬಟ್ಟೆ

ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ
ಕರೆಂಟ್ ಇರೋದಿಲ್ಲ ಅಂದರು ಸೆಸ್ಕಿನವರು.
ಪೇಪರಿನಲ್ಲಿ ಬಂದಿತ್ತಂತೆ, ನಾನೆಲ್ಲಿ ಓದಲಿ.
ಮಂಡಿಮೊಹಲ್ಲಾದ ನನ್ನ ಅಂಗಡಿಯಲ್ಲಿ
ಮಿಷನ್ನಿನ ಮೋಟರು ಮುನಿಸಿಕೊಂಡು ಕೂತಿತ್ತು.
ಕಾಲಲ್ಲೇ ತುಳಿಯೋಣ ಅಂದರೆ
ನನ್ನ ಮಂಡಿ ಒಪ್ಪಬೇಕಲ್ಲ.

ಮೂರು ರವಿಕೆಗೆ ಕಾಜಾ ಬಾಕಿ,
ಒಂದು ಸೀರೆಗೆ ಫಾಲ್ಸು, ನಾಳೆಯೇ ಬೇಕು.
ಇರಲಿ ಅಂದೆ, ಯಾರಿಗೆ ಅಂದೆನೋ.
ಶಟರ್ ಅರ್ಧ ಎಳೆದೆ.
ಸ್ವಲ್ಪ ಹೊತ್ತು ನಿಂತು, ಪೂರ್ತಿ ಎಳೆದೆ.

ಸಿಟಿ ಬಸ್ ಸ್ಟ್ಯಾಂಡಿನಲ್ಲಿ
ಯಾವುದು ಖಾಲಿ ಇತ್ತೋ ಅದನ್ನು ಹತ್ತಿದೆ.
"ಎಲ್ಗಮ್ಮ?"
"ಇದು ಎಲ್ಲಿಗೆ ಹೋಗ್ತದೋ ಅಲ್ಲಿಗೆ."
ಕಂಡಕ್ಟರು ನನ್ನ ಮುಖ ನೋಡಿದ,
ಆಧಾರ್ ಕಾರ್ಡಿನ ಮುಖ ನೋಡಿದ,
ಎರಡಕ್ಕೂ ತಾಳೆಯಾಗದಿದ್ದರೂ
ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು
"ಅಮ್ಮ, ಟೇಪು" ಅಂದ.
ಮುಟ್ಟಿಕೊಂಡರೆ ಕೊರಳಲ್ಲೇ ನೇತಾಡುತ್ತಿದೆ
ಇಪ್ಪತ್ತೆಂಟು ವರ್ಷದ ಅಭ್ಯಾಸದಂತೆ.
ತೆಗೆಯಲಿಲ್ಲ.

ಶ್ರೀರಾಂಪುರಕ್ಕೆ ಹೋಗಿ ಅದೇ ಬಸ್ಸಲ್ಲಿ ಬಂದೆ.
ಬೋಗಾದಿಗೆ ಹೋದೆ.
ದಾರಿಯಲ್ಲಿ ಕುಕ್ಕರಹಳ್ಳಿ ಕೆರೆ
ಮರಗಳ ಸಂದಿಯಲ್ಲಿ ಜರಿಯಂಚಿನ ಹಾಗೆ ಮಿನುಗಿ
ಮತ್ತೆ ಮಡಿಕೆಯೊಳಗೆ ಹೋಯಿತು.
ಇದೇ ಊರಲ್ಲಿ ಹುಟ್ಟಿದವಳು ನಾನು.
ಗೋಕುಲಂ ಅಂದರೆ ನನಗೆ ಬೋಟ್ ನೆಕ್ಕು,
ನಜರ್‌ಬಾದ್ ಅಂದರೆ ಮೊಣಕೈವರೆಗಿನ ತೋಳು,
ಜೆ.ಪಿ. ನಗರ ಅಂದರೆ
ಟೈಮಿಗೆ ಸರಿಯಾಗಿ ಬಂದು ದುಡ್ಡಿಗೆ ಜಗ್ಗುವವರು.
ಊರಿನ ಸುತ್ತಳತೆ ಗೊತ್ತಿತ್ತು,
ಊರು ಹೇಗಿದೆಯೆಂದು ನೋಡಿರಲಿಲ್ಲ.

ಅಗ್ರಹಾರದಲ್ಲಿ ಒಂದು ವೀಳ್ಯದೆಲೆ ಬುಟ್ಟಿ ಹತ್ತಿತು,
ಅದರ ಹಿಂದೆ ಏದುಸಿರು ಬಿಡುತ್ತ ಅದರ ಯಜಮಾನ.
ಪಕ್ಕದ ಸೀಟಿನ ಹುಡುಗ ಟೇಪಿನ ತುದಿ ಹಿಡಿದು
ಕಿಟಕಿ ಅಳೆದ, ನನ್ನ ಕೈ ಅಳೆದ,
ಡ್ರೈವರಿನ ತನಕ ಅಳೆಯಲು ಹೋಗಿ
ಟೇಪು ಸಾಲದೆ ಅತ್ತ.

ಮಧ್ಯಾಹ್ನ ಬೆಟ್ಟದ ಬಸ್ಸು.
ಮೂಟೆ ಹೊತ್ತವನ ಹಾಗೆ ನರಳುತ್ತ ಹತ್ತಿತು.
ತಾಯಿಗೆ ಹೊರಗಿಂದಲೇ ಕೈಮುಗಿದೆ,
ನಾನು ಬಂದದ್ದು ತಿರುವುಗಳಿಗೆ.
ಚುರುಮುರಿ ಪೊಟ್ಟಣ ಹಿಡಿದು
ಕೆಳಗೆ ನನ್ನ ಬೀದಿ ಹುಡುಕಿದೆ.
ಕರೆಂಟ್ ಇರುವ ಬೀದಿ, ಇಲ್ಲದ ಬೀದಿ,
ಇಲ್ಲಿಂದ ಎಲ್ಲ ಒಂದೇ ಬಿಸಿಲು.

ಇಳಿಯುವಾಗ ಮುಂದಿನ ಸೀಟಿನಲ್ಲಿ ಒಂದು ಬೆನ್ನು.
ಹುಣಸೆಹಣ್ಣಿನ ಬಣ್ಣದ ರವಿಕೆ.
ಕತ್ತಿನ ಪಟ್ಟಿ ನೋಡುತ್ತಲೇ ಗೊತ್ತಾಯಿತು, ನನ್ನ ಕೈ.
ಹೆಸರು ನೆನಪಾಗಲಿಲ್ಲ, ಅಳತೆ ನೆನಪಾಯಿತು:
ಎದೆ ಮೂವತ್ತೆರಡು, ತೋಳು ಒಂಬತ್ತೂವರೆ.
ಬೆನ್ನು ತಗ್ಗು ಬೇಡ ಅಂದಿದ್ದಳು ಅತ್ತೆ,
ಬೇಕು ಅಂತ ಕಣ್ಣಲ್ಲೇ ಹೇಳಿದ್ದಳು ಇವಳು.
ನಡುವೆ ಒಂದು ಗೆರೆ ಎಳೆದು
ಇಬ್ಬರಿಗೂ ಸುಳ್ಳು ಹೇಳಿದ್ದೆ.

ಈಗ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಿದ್ದಾಳೆ.
ಹಳೇ ಸೂಜಿತೂತುಗಳ ಸಾಲು,
ಅದರಾಚೆ ಬಣ್ಣ ಮಾಸದ ಒಂದು ಪಟ್ಟಿ,
ಇಷ್ಟು ವರ್ಷ ಬಿಸಿಲು ಕಾಣದ್ದು.
ಆ ಒಂದಿಂಚು ಒಳಗೆ ಬಿಟ್ಟವಳು ನಾನು.
ಎಲ್ಲರಿಗೂ ಬಿಡುತ್ತೇನೆ, ಕೇಳದಿದ್ದರೂ.
ಫೋನಿನಲ್ಲಿ ಯಾರಿಗೋ ಜೋರಾಗಿ ನಕ್ಕಳು.
ಹೊಲಿಗೆ ತಡೆಯಿತು.

ಮಾತಾಡಿಸಬಹುದಿತ್ತು.
ಹಾರ್ಡಿಂಜ್ ಸರ್ಕಲ್ಲಿನಲ್ಲಿ ಇಳಿದು
ಸೆರಗು ಹೊದ್ದು ರಸ್ತೆ ದಾಟಿದಳು.

ಆರೂಕಾಲಿಗೆ ಪಕ್ಕದಂಗಡಿ ಮುಜೀಬನ ಫೋನು:
"ಅಕ್ಕಾ, ಕರೆಂಟ್ ಬಂತು."
"ಬಂತಾ?" ಅಂದೆ.
ಕೈಚೀಲದಲ್ಲಿ ಏಳು ಸೊನ್ನೆಗಳು ಸರಪರ ಅಂದವು.
ಎದುರಿಗೆ ಹೆಬ್ಬಾಳದ ಬಸ್ಸು,
ದೀಪ ಹಾಕಿಕೊಂಡು, ಖಾಲಿ.
ಕಾಜಾ ರಾತ್ರಿ ಮಾಡಿದರಾಯಿತು.